ಇಪ್ಪತ್ತೊಂದನೆಯ ಫ್ಯಾಂಟಮ್‌ಗೆ ಕೈ ಮುಗಿಯಬೇಕೆ?

2016ರ ಮೇ ತಿಂಗಳಲ್ಲಿ ಅಮೆರಿಕದ ಕಾಮಿಕ್ಸ್ ಓದುಗರು ಸಿಟ್ಟಿಗೆದ್ದರು. ಅವರ ಕ್ಯಾಪ್ಟನ್ ಅಮೆರಿಕ ಒಳಗೊಳಗೇ ಹೈಡ್ರಾ ಎಂಬ, ನಾಜಿಗಳ ನಂಟಿನ ಗುಂಪಿನ ಆಳು ಎಂದು ಮಾರ್ವೆಲ್ ಕಂಪನಿಯ ಹೊಸ ಸಂಚಿಕೆ ಹೇಳಿತ್ತು. ಸಿಟ್ಟು ಸುಮ್ಮನೆ ಬಂದದ್ದಲ್ಲ. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇಬ್ಬರು ಯೆಹೂದಿ ಹುಡುಗರು ಈ ವೀರನನ್ನು ಹುಟ್ಟಿಸಿದ್ದು ಹಿಟ್ಲರ್ ಬದುಕಿದ್ದಾಗಲೇ. 1941ರ ಮಾರ್ಚ್ ತಿಂಗಳ ಹೆಸರು ಹೊತ್ತ ಮೊದಲ ಸಂಚಿಕೆಯ ಮುಖಪುಟದಲ್ಲೇ ಅವನು ಹಿಟ್ಲರನ ದವಡೆಗೆ ಗುದ್ದಿದ್ದ. ಆಗಿನ್ನೂ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ. ಅಂಥವನು ಎಪ್ಪತ್ತೈದು ವರ್ಷಕ್ಕೆ ಹಿಟ್ಲರನ ಮನೆಯಾಳಾದರೆ ಓದಿದವನ ಕರುಳು ಉರಿಯದೆ ಇರುತ್ತದೆಯೆ? ಮರುವರ್ಷ ಕಂಪನಿ ಏನೋ ಮಾಯೆ ಮಾಡಿ ‘ನಿಜವಾದ’ ಕ್ಯಾಪ್ಟನ್ನನ್ನು ವಾಪಸು ತಂದಿತು. ಅದು ವ್ಯಾಪಾರದ ಮಾತು, ಬಿಡಿ.

ಅವರ ವೀರ ಬದಲಾದ, ಅವರ ನಂಬಿಕೆ ಹೋಯಿತು. ನಮ್ಮ ಕಡೆಯ ಕತೆ ಇದಕ್ಕೆ ತಿರುವುಮುರುವು. ನಮ್ಮ ವೀರನ ಒಂದು ಕೂದಲೂ ಕೊಂಕಲಿಲ್ಲ, ಓದುವವರ ಕಣ್ಣು ಬದಲಾಯಿತು. ಫ್ಯಾಂಟಮ್ ಬಗ್ಗೆ ಹೇಳುತ್ತಿದ್ದೇವೆ.

ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದರು, 1990ರಲ್ಲಿ ನಿಲ್ಲಿಸಿದರು. ಕನ್ನಡದಲ್ಲೂ ಬಂತು. ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ದಾಟಿ ಮುಖಪುಟ ಕಳಕೊಂಡ, ಆಮೇಲೆ ರದ್ದಿ ಅಂಗಡಿಯ ತಕ್ಕಡಿಗೆ ಬಿದ್ದ ಆ ಪುಸ್ತಕಗಳನ್ನು ನಮ್ಮ ಅಣ್ಣಂದಿರು ಓದಿದರು, ಅವರ ಬೆನ್ನಿಗೆ ನಾವು ಓದಿದೆವು. ಕಣ್ಣಿಗೆ ಮುಖವಾಡ, ಸೊಂಟಕ್ಕೆ ಎರಡು ಪಿಸ್ತೂಲು, ಹೀರೋ ಎಂಬ ಬಿಳಿ ಕುದುರೆ, ಡೆವಿಲ್ ಎಂಬ ತೋಳ. ಗುದ್ದಿದನೆಂದರೆ ದುಷ್ಟನ ದವಡೆಯ ಮೇಲೆ ತಲೆಬುರುಡೆಯ ಗುರುತು, ಸಾಯೋ ತನಕ ಅಳಿಸಾಕಿಲ್ಲ. ಊರಿನಲ್ಲಿ ಯಾರ ದವಡೆಯ ಮೇಲೆ ಆ ಗುರುತು ಬೀಳಬೇಕು ಅನ್ನುವುದಕ್ಕೆ ಕೇರಿಯ ಪ್ರತಿ ಹುಡುಗನ ಹತ್ತಿರವೂ ಒಂದು ಪಟ್ಟಿ ಇತ್ತು. ಪೊಲೀಸು, ಕೋರ್ಟು, ಪಂಚಾಯ್ತಿ ಕೊಡದ ನ್ಯಾಯವನ್ನು ಒಂದು ಉಂಗುರ ಕೊಡುತ್ತಿತ್ತು. ಆ ಪ್ರೀತಿಯನ್ನು ಗೇಲಿ ಮಾಡುವ ದರ್ದು ನಮಗಿಲ್ಲ.

ಆದರೆ ಕತೆಯ ಬುಡಕ್ಕೆ ಹೋಗಿ ನೋಡಿ. ಲೀ ಫಾಕ್ ಎಂಬ ಅಮೆರಿಕನ್ನನು 1936ರಲ್ಲಿ ಬರೆಯತೊಡಗಿದ ಈ ಕತೆಯಲ್ಲಿ, 1536ರಲ್ಲಿ ಕಡಲ್ಗಳ್ಳರು ಒಂದು ಹಡಗಿನ ಮೇಲೆ ಬೀಳುತ್ತಾರೆ. ಅಪ್ಪನನ್ನು ಕಳಕೊಂಡ ಒಬ್ಬ ಬಿಳಿಯ ಹುಡುಗ ಮಾತ್ರ ಉಳಿದು ದಡಕ್ಕೆ ಬಂದು ಬೀಳುತ್ತಾನೆ. ಅವನನ್ನು ಎತ್ತಿ ಆರೈಕೆ ಮಾಡಿದವರು ಬಾಂಡಾರ್ ಎಂಬ ಕುಳ್ಳ ಕಾಡುಜನ. ಸರಿ, ಕಾಪಾಡಿದವರು ಯಾರು, ಕಾಪಾಡಿಸಿಕೊಂಡವನು ಯಾರು? ನಾಲ್ಕು ಪುಟ ತಿರುವುವಷ್ಟರಲ್ಲಿ ಲೆಕ್ಕ ತಲೆಕೆಳಗು. ಕಾಪಾಡಿಸಿಕೊಂಡವನು ಬುರುಡೆ ಸಿಂಹಾಸನದ ಮೇಲೆ ಕೂತಿದ್ದಾನೆ, ಕಾಪಾಡಿದವರು ಗುಹೆಯ ಬಾಗಿಲು ಕಾಯುತ್ತಿದ್ದಾರೆ. ಮೊದಲ ಫ್ಯಾಂಟಮ್ ಅವರನ್ನು ಗುಲಾಮಗಿರಿಯಿಂದ ಬಿಡಿಸಿದ ಅನ್ನುತ್ತದೆ ಕತೆ. ಒಪ್ಪೋಣ. ಒಂದು ಸಲ ಬಿಡಿಸಿದ್ದಕ್ಕೆ ನಾನೂರು ವರ್ಷ ಬಾಗಿಲು ಕಾಯಬೇಕೆ? ಅವರ ಕೈಯಲ್ಲಿರುವುದು ವಿಷದ ಬಾಣ. ಇಡೀ ಕಾಡು ಅದಕ್ಕೆ ಹೆದರುತ್ತದೆ. ಅಂಥ ಜನಕ್ಕೊಬ್ಬ ರಕ್ಷಕ ಯಾಕೆ ಎಂದು ಕತೆ ಕೇಳುವುದೇ ಇಲ್ಲ.

ಅಪ್ಪ ಸತ್ತರೆ ಮಗ, ಅವನು ಸತ್ತರೆ ಅವನ ಮಗ, ಹೀಗೆ ಇಪ್ಪತ್ತೊಂದು ತಲೆ. ಹೊರಗಿನವರಿಗೆ ಅವನು ಸಾವಿಲ್ಲದವನು. ಅವನೂ ಸಾಯುತ್ತಾನೆಂಬ ಗುಟ್ಟು ಬಾಂಡಾರರಿಗೆ ಗೊತ್ತು, ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಹುಟ್ಟಿನಿಂದ ಪದವಿ, ಗುಟ್ಟಿನಿಂದ ಗೌರವ, ಕೆಳಗಿನವರ ಮೌನದಿಂದ ಎರಡಕ್ಕೂ ಆಯಸ್ಸು. ಇದನ್ನು ಹೇಳಿಕೊಡೋಕೆ ನಮಗೆ ಅಮೆರಿಕದವನೇ ಬರಬೇಕಾಗಿರಲಿಲ್ಲ. ಬಾಂಡಾರರ ನಾಯಕ ಗುರಾನ್ ಜಾಣ, ಗಟ್ಟಿಗ, ಫ್ಯಾಂಟಮ್‌ನ ಜೀವದ ಗೆಳೆಯ. ಆದರೂ ಆ ಉಡುಪು ಅವನ ಮೈಗೆ ಒಗ್ಗುವುದಿಲ್ಲವೆಂದು ಕತೆ ಮೊದಲೇ ತೀರ್ಮಾನಿಸಿಬಿಟ್ಟಿದೆ.

ನಮಗೆ ಎಲ್ಲಕ್ಕಿಂತ ಅನುಮಾನ ಹುಟ್ಟಿಸಿದ್ದು ಆ ಕಾಡಿನ ಗಾದೆಗಳು. ಕತೆಯ ನಡುನಡುವೆ ‘ಕಾಡಿನ ಹಳೆಯ ಮಾತು’ ಅಂತ ಒಂದೊಂದು ಬರುತ್ತದೆ. ನೆನಪಿರುವಷ್ಟನ್ನೂ ಸಾಲಾಗಿ ಇಟ್ಟು ನೋಡಿದೆವು. ಅವನ ವೇಗ, ಅವನ ಕೋಪ, ಅವನ ಗುರಿ, ಎಲ್ಲ ಅವನ ಭಜನೆಯೇ. ಮಳೆ ಬಗ್ಗೆ ಇಲ್ಲ, ಹಸಿವಿನ ಬಗ್ಗೆ ಇಲ್ಲ, ಅತ್ತೆಸೊಸೆ ಬಗ್ಗೆ ಇಲ್ಲ. ಯಾವ ಜನ ಹಂಗೆ ಗಾದೆ ಕಟ್ತಾರೆ? ನಮ್ಮ ಅಜ್ಜಿಯರ ಬಾಯಲ್ಲಿ ಗೌಡನ ಮೇಲೆ, ಶಾನುಭೋಗನ ಮೇಲೆ ಎಷ್ಟು ಗಾದೆ ಇಲ್ಲ! ಒಂದಾದರೂ ಹೊಗಳಿಕೆಯದು ಇದೆಯೆ? ಬಾಂಡಾರರ ಅಜ್ಜಿಯರು ಏನಂದರೋ ಅದು ಲೀ ಫಾಕನ ಕಿವಿಗೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಆ ಕಾಡೇ ನಿಂತ ಕಡೆ ನಿಲ್ಲದ ಕಾಡು. ಮೊದಲು ಏಷ್ಯಾದಲ್ಲಿತ್ತು, ಹೆಸರೂ ನಮ್ಮ ಬಂಗಾಳದ ನೆನಪು ತರುವಂಥದ್ದು. 1960ರ ದಶಕದಲ್ಲಿ ಎದ್ದು ಆಫ್ರಿಕಕ್ಕೆ ಹೋಯಿತು.

ಇಂದ್ರಜಾಲದವರು ಕಣ್ಣುಮುಚ್ಚಿ ಅಚ್ಚು ಹಾಕಿದರೆಂದು ತಿಳಿಯಬೇಡಿ. ಕಾಡಿನ ಹೆಸರನ್ನು ಡೆಂಕಾಲಿ ಎಂದು ಬದಲಿಸಿದರು. ಕಡಲ್ಗಳ್ಳರ ‘ಸಿಂಗ್’ ಎಂಬ ಹೆಸರನ್ನು ‘ಸಿಂಗಾ’ ಮಾಡಿದರು. ಯಾಕೆಂದು ಊಹಿಸುವುದು ಕಷ್ಟವಲ್ಲ. ಸಿಂಗ್ ಎಂಬ ಹೆಸರಿನವರು ಈ ದೇಶದಲ್ಲಿದ್ದಾರೆ, ಓದುತ್ತಾರೆ, ಬಂದು ಕೇಳುತ್ತಾರೆ. ಸಿಂಹಾಸನದ ಸುತ್ತ ಈಟಿ ಹಿಡಿದು ನಿಂತ ಕರಿಯರನ್ನು ಮಾತ್ರ ಇದ್ದ ಹಾಗೇ ಬಿಟ್ಟರು. ಅವರ ಪರವಾಗಿ ಕೇಳುವವರು ಯಾರಿದ್ದರು?

ಅದೇ ಲೀ ಫಾಕ್ 1934ರಲ್ಲಿ ಹುಟ್ಟಿಸಿದ ಮ್ಯಾಂಡ್ರೇಕ್‌ನ ಜತೆಗಾರ ಲೋಥಾರ್‌ನನ್ನೂ ಇಂದ್ರಜಾಲದಲ್ಲೇ ಕಂಡೆವು. ಆಫ್ರಿಕದ ರಾಜಕುಮಾರ, ಜಗತ್ತಿನ ಅತಿ ಬಲಶಾಲಿ. ಸಿಂಹಾಸನ ಬಿಟ್ಟು ಬಂದು ಬಿಳಿಯ ಜಾದೂಗಾರನ ಹಿಂದೆ ಚಿರತೆಯ ಚರ್ಮ ಉಟ್ಟು ನಿಂತ, ಮುರುಕು ಇಂಗ್ಲಿಷ್ ಮಾತಾಡಿದ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಅವನಿಗೆ ನೆಟ್ಟಗಿನ ಬಟ್ಟೆಯೂ ಬಂತು, ನೆಟ್ಟಗಿನ ಮಾತೂ ಬಂತು. ‘ಮಕ್ಕಳ ಪುಸ್ತಕದಲ್ಲೂ ಜಾತಿ ಹುಡುಕ್ತೀರಲ್ರಪ್ಪ’ ಎಂದು ನಗುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಬೇಕು. ಇಲ್ಲದ್ದನ್ನು ಯಾರೂ ತಿದ್ದುವುದಿಲ್ಲ. ಅಮೆರಿಕದಲ್ಲಿ ಕರಿಯರು ಬೀದಿಗಿಳಿದಿದ್ದ ಕಾಲ ಅದು. ಚರ್ಮ ಕಳಚಿದ ಕೈ ಕಲಾವಿದನದು ಇರಬಹುದು, ಅದನ್ನು ಕಳಚಿಸಿದ ಗಾಳಿ ಆ ಬೀದಿಯದು.

ಆ ಗಾಳಿ ಇನ್ನೂ ಜೋರಾಗಿ ಬೀಸಿದ್ದು 1970ರಲ್ಲಿ. ಡೆನ್ನಿಸ್ ಓ’ನೀಲ್ ಬರೆದು ನೀಲ್ ಆಡಮ್ಸ್ ಚಿತ್ರಿಸಿದ ಗ್ರೀನ್ ಲ್ಯಾಂಟರ್ನ್ ಸಂಚಿಕೆಯೊಂದರಲ್ಲಿ ಬಡ ಕರಿಯ ಮುದುಕನೊಬ್ಬ ವೀರನೆದುರು ಬಂದು ನಿಲ್ಲುತ್ತಾನೆ. ಬೇರೆ ಬೇರೆ ಗ್ರಹಗಳ ನೀಲಿ, ಕಿತ್ತಳೆ, ನೇರಳೆ ಬಣ್ಣದವರಿಗೆಲ್ಲ ನೆರವಾದೆಯಂತಲ್ಲ, ಕಪ್ಪು ಚರ್ಮದವರಿಗೆ ಏನು ಮಾಡಿದೆ ಎಂಬ ಅರ್ಥದಲ್ಲಿ ಕೇಳುತ್ತಾನೆ. ವೀರ ತಲೆ ತಗ್ಗಿಸುತ್ತಾನೆ, ಉತ್ತರವಿಲ್ಲ. ಆ ಮುದುಕನಿಗೆ ಯಾವ ಶಕ್ತಿಯೂ ಇಲ್ಲ, ಉಡುಪೂ ಇಲ್ಲ. ನಮ್ಮ ಮಟ್ಟಿಗೆ ಅಮೆರಿಕದ ಕಾಮಿಕ್ಸಿನಲ್ಲಿ ಅಷ್ಟು ಎತ್ತರದವನು ಇನ್ನೊಬ್ಬನಿಲ್ಲ. ಬಾಂಡಾರರ ನಡುವೆ ಅಂಥ ಒಬ್ಬ ಮುದುಕನನ್ನು ನಾವು ಕಾಣಲಿಲ್ಲ.

ಜನ ಕೊಟ್ಟದ್ದನ್ನು ಕೊಟ್ಟ ಹಾಗೇ ನುಂಗುತ್ತಾರೆ ಎಂದಲ್ಲ. ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ವಾಘಿ ಜನ ತಮ್ಮ ಕಾಳಗದ ಗುರಾಣಿಗಳ ಮೇಲೆ ಫ್ಯಾಂಟಮ್‌ನ ಚಿತ್ರ ಬರೆದುಕೊಂಡರು. ಸಾವಿಲ್ಲದವನು ಎದೆಯ ಮುಂದೆ ನಿಲ್ಲಲಿ ಎಂದು. ಸಿಂಹಾಸನದಿಂದ ಇಳಿಸಿ ಗುರಾಣಿಗೆ ಹಚ್ಚಿದ್ದು ನಮಗೆ ಇಷ್ಟವಾಯಿತು. ಹಳೆಯ ಇಂದ್ರಜಾಲವನ್ನು ದುಡ್ಡು ಸುರಿದು ಕೂಡಿಡುವವರ ಭಕ್ತಿಗಿಂತ ಇದು ಎಷ್ಟೋ ವಾಸಿ.

ಮಾರ್ವೆಲ್ಲಿನವರು 1966ರ ಜುಲೈ ಸಂಚಿಕೆಯಲ್ಲಿ ಬ್ಲ್ಯಾಕ್ ಪ್ಯಾಂಥರ್ ಎಂಬ ಕಪ್ಪು ವೀರನನ್ನು ತಂದರು. ಅವನೂ ಒಬ್ಬ ದೊರೆಯೇ. ವಂಶದ ಕಾಟ ಅಲ್ಲೂ ತಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಓಕ್ಲೆಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಕಟ್ಟಿದ ಪಕ್ಷದ್ದೂ ಅದೇ ಹೆಸರು. ಅದು ಕಾಮಿಕ್ಸಿನಿಂದ ಬಂದದ್ದಲ್ಲ, ಅಲಬಾಮಾದ ಕಪ್ಪು ಮತದಾರರ ಸಂಘಟನೆಯ ಚಿಹ್ನೆಯಿಂದ ಬಂದದ್ದು. ಆ ಪಕ್ಷದ ಜತೆ ತಳುಕು ಬೇಡವೆಂದು 1972ರಲ್ಲಿ ಕೆಲವು ದಿನ ಆ ವೀರನನ್ನು ‘ಬ್ಲ್ಯಾಕ್ ಲೆಪರ್ಡ್’ ಎಂದು ಕರೆದರು. ತನ್ನ ಹೆಸರಿಗೆ ತಾನೇ ಹೆದರಿದ ವೀರ! ಅದೇ 1972ರಲ್ಲಿ ಬೊಂಬಾಯಿಯಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಮೊದಲಾದ ಬರೆಯುವ ಹುಡುಗರು ಓಕ್ಲೆಂಡಿನ ಆ ಹೆಸರನ್ನು ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಆದರು. ಮುಖವಾಡ ಹಾಕಿಕೊಳ್ಳಲಿಲ್ಲ. 1974ರ ಜನವರಿಯಲ್ಲಿ ಮೆರವಣಿಗೆಯಲ್ಲಿ ನಡೆಯುತ್ತಿದ್ದ ಭಾಗವತ ಜಾಧವನ ಮೇಲೆ ಮೇಲಿನಿಂದ ಕಲ್ಲು ಎತ್ತಿಹಾಕಿ ಕೊಂದರು. ಅವನು ಸತ್ತದ್ದನ್ನು ಯಾರೂ ಗುಟ್ಟು ಮಾಡಲಿಲ್ಲ.