ಎಲ್ಲ ಪಾಠಗಳಲ್ಲಿಯೂ ವಾಯುಗುಣದ ಪಾಠ

ಅಮೆರಿಕೆಯ ನ್ಯೂಜೆರ್ಸಿ ರಾಜ್ಯದ ಶಿಕ್ಷಣ ಮಂಡಲಿಯು 2020ರಲ್ಲಿ ಕೈಗೊಂಡ ಒಂದು ನಿರ್ಣಯವನ್ನು ವಾಚಕ ಬಂಧುಗಳ ವಿಚಾರಣೆಗೆ ಇಡಬಯಸುತ್ತೇವೆ. ವಾಯುಗುಣದ ಬದಲಾವಣೆಯನ್ನು ಶಿಶುವಿಹಾರದಿಂದ 12ನೆಯ ತರಗತಿಯವರೆಗೆ, ವಿಜ್ಞಾನದಲ್ಲಿ ಮಾತ್ರವಲ್ಲದೆ ಸಮಾಜ ಅಧ್ಯಯನ, ಲಲಿತಕಲೆ, ಆರೋಗ್ಯ ಮತ್ತು ವ್ಯಾಯಾಮ, ಅನ್ಯಭಾಷೆ ಮೊದಲಾದ ಏಳು ವಿಷಯಗಳಲ್ಲಿ ಬೋಧಿಸತಕ್ಕದ್ದೆಂಬುದೇ ಆ ನಿರ್ಣಯ. 2022ರ ಸೆಪ್ಟೆಂಬರಿನಿಂದ ಅದು ಆಚರಣೆಗೆ ಬಂದಿತು. ಆ ದೇಶದಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ರಾಜ್ಯವದು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಇದೇ ಪಾಠಗಳನ್ನು ಓದುತ್ತಿದ್ದಾರೆ.

ಉದ್ದೇಶ ಸ್ತುತ್ಯವಾದುದು. ಆದರೆ ಮೊದಲ ಪಟ್ಟಿಯಲ್ಲಿ ಗಣಿತವೂ ಇರಲಿಲ್ಲ, ಅಲ್ಲಿನ ಮಕ್ಕಳ ವ್ಯವಹಾರದ ನುಡಿಯಾದ ಇಂಗ್ಲಿಷೂ ಇರಲಿಲ್ಲ. ಅವೆರಡು ಜೊತೆಗೂಡಿದ್ದು 2023ರಲ್ಲಿ. ಇದು ಕಿರಿದಾದ ಲೋಪವಲ್ಲ. ವಾಯುಗುಣದ ವಿಚಾರವು ಮೂಲತಃ ಅಳತೆಯ ವಿಚಾರ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 315 ಭಾಗವಿತ್ತು. ಇಂದು ಅದು 420ನ್ನು ಮೀರಿದೆ. ಮೂರನೆಯ ಒಂದಂಶದಷ್ಟು ಏರಿಕೆಯೆಂದು ಮಗುವು ತಾನೇ ಲೆಕ್ಕ ಹಾಕಿ ಕಂಡುಕೊಂಡರೆ ಉಳಿಯುವ ಅರಿವು, ಭಿತ್ತಿಚಿತ್ರ ಬರೆಯಿಸುವುದರಿಂದ ಬಾರದು.

ನಮ್ಮಲ್ಲಿ ಸ್ಥಿತಿ ಹೇಗಿದೆ? ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. ಆದೇಶದ ಅಕ್ಷರ ಉಳಿಯಿತು, ಆಶಯ ಸೊರಗಿತು. 2022ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಕೋವಿಡ್ ತರುವಾಯದ ಹೊರೆ ಇಳಿಸುವ ಕಾರಣ ನೀಡಿ, 7ನೆಯ ತರಗತಿಯ ವಿಜ್ಞಾನದಿಂದ ಹವೆ ಮತ್ತು ವಾಯುಗುಣದ ಪಾಠವನ್ನೂ 10ನೆಯ ತರಗತಿಯಿಂದ ಶಕ್ತಿಯ ಮೂಲಗಳ ಪಾಠವನ್ನೂ ಕೈಬಿಟ್ಟಿತು. ಮರುವರ್ಷವೇ, 2023ರಲ್ಲಿ, ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹೊರೆಯೆಂದರೆ ಯಾವುದು ಎಂದು ಕೇಳಬೇಕಾಗುತ್ತದೆ.

ಎಳೆಯ ವಯಸ್ಸಿನಲ್ಲಿ ಇದೆಲ್ಲ ಏಕೆ, ಮಕ್ಕಳು ಹೆದರುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆರು ವರ್ಷದ ಕೂಸಿಗೆ ಪ್ರಳಯದ ವರ್ಣನೆ ಸಲ್ಲದು. ಆದರೆ ನಮ್ಮ ಮಕ್ಕಳು ಹೆದರಿಕೆಯನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೀರು ಮನೆಗೆ ನುಗ್ಗಿದ್ದನ್ನು ಕಂಡ ಮಕ್ಕಳು ಇದ್ದಾರೆ. ಅವರಿಗೆ ಬೇಕಾದದ್ದು ಕಂಡದ್ದಕ್ಕೆ ಕಾರಣ ತಿಳಿಸುವ ವಿದ್ಯೆ.

ಅದಕ್ಕೆ ಸಾಮಗ್ರಿ ಹೊರದೇಶದಿಂದ ಬರಬೇಕಿಲ್ಲ. ಅಶ್ವಿನಿ, ಭರಣಿಯಿಂದ ಮೊದಲಾಗುವ ಮಳೆ ನಕ್ಷತ್ರಗಳು 27. ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ವರ್ಷದ ದಿನಗಳನ್ನು ಭಾಗಿಸಿ ನೋಡುವುದು ನಾಲ್ಕನೆಯ ತರಗತಿಯ ಲೆಕ್ಕ. ಆ ಮಳೆಗಳ ಮೇಲಿನ ಗಾದೆಗಳು ಕನ್ನಡದ ಪಾಠ. ಯಾವ ಮಳೆಗೆ ಯಾವ ಬಿತ್ತನೆಯೆಂದು ಅಜ್ಜನನ್ನು ಕೇಳಿ ಬರೆದು ತರುವುದು ಸಮಾಜದ ಪಾಠ. ಅಂಗಳದ ಮಳೆಮಾಪಕವನ್ನು ದಿನವೂ ನೋಡಿ ಗುರುತು ಹಾಕುವುದು ವಿಜ್ಞಾನ. ಗಾದೆ ಹೇಳುವ ಮಳೆಗೂ ಮಾಪಕ ತೋರುವ ಮಳೆಗೂ ಅಂತರವೆಷ್ಟೆಂಬುದು ಹತ್ತು ವರ್ಷದ ದಾಖಲೆ ಕೂಡಿದ ಮೇಲೆ ತಾನೇ ಕಾಣತೊಡಗುತ್ತದೆ. (ಒಂದು ವರ್ಷದ ಮಳೆ ನೋಡಿ ವಾಯುಗುಣ ಬದಲಾಯಿತೆಂದು ಕೂಗುವ ಪತ್ರಿಕೆಗಳಿಗೂ ಈ ಪಾಠ ಅಗತ್ಯ.)

ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹುತೇಕ ಒಬ್ಬರೇ ಗುರುಗಳು ಎಲ್ಲ ವಿಷಯಗಳನ್ನೂ ಹೇಳುತ್ತಾರೆ. ಇದನ್ನು ಕೊರತೆಯೆಂದೇ ಎಣಿಸುತ್ತ ಬಂದಿದ್ದೇವೆ. ಪಾಠಗಳ ನಡುವಣ ಗೋಡೆ ಅಲ್ಲಿ ಮೊದಲಿನಿಂದಲೂ ಇಲ್ಲ. ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಒಂದೊಂದು ಮಳೆಮಾಪಕವನ್ನೂ ಗಟ್ಟಿ ರಟ್ಟಿನ ದಾಖಲೆ ಪುಸ್ತಕವನ್ನೂ ಒದಗಿಸಿದರೆ ಬರುವ ಜೂನಿನಲ್ಲಿಯೇ ಮೊದಲ ಅಂಕಿ ಬರೆಯಬಹುದು.