ಗೋಲ್‌ಕೀಪರನ ಶಿಕ್ಷಣ: ಕೆನ್ ಡ್ರೈಡನ್ನರ ‘ದಿ ಗೇಮ್’ ಕುರಿತು ಒಂದು ವಿಮರ್ಶೆ

ಆಟಗಳನ್ನು ಕುರಿತ ಗ್ರಂಥಗಳಿಗೆ ಇತಿಹಾಸದ ಆಧಾರಸಾಮಗ್ರಿಗಳಲ್ಲಿ ನಾವು ಸಾಮಾನ್ಯವಾಗಿ ಸ್ಥಾನ ಕೊಡುವುದಿಲ್ಲ. ಆದರೆ ಒಂದು ಸಮಾಜವು ತನ್ನ ಮಕ್ಕಳನ್ನು ಹೇಗೆ ಬೆಳೆಸಿತೆಂಬುದಕ್ಕೆ ಅವುಗಳಷ್ಟು ನೇರವಾದ ಸಾಕ್ಷ್ಯ ಬೇರೆಡೆ ದೊರೆಯುವುದು ವಿರಳ. ಕೆನಡಾದ ಕೆನ್ ಡ್ರೈಡನ್ನರು 1983ರಲ್ಲಿ ಪ್ರಕಟಿಸಿದ ‘ದಿ ಗೇಮ್’ ಅಂತಹ ಒಂದು ಗ್ರಂಥ. ನ್ಯಾಯಶಾಸ್ತ್ರವನ್ನು ಓದಿದ ಈ ಗ್ರಂಥಕರ್ತರು ಐಸ್ ಹಾಕಿಯಲ್ಲಿ ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಆಗಿದ್ದು, 1971ರಿಂದ 1979ರವರೆಗಿನ ಅವಧಿಯಲ್ಲಿ ಆರು ಬಾರಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದವರು.

ಹಿಮದ ಮೇಲಿನ ಆಟಕ್ಕೂ ನಮಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಅಲ್ಲಿಯ ಗೋಲು 6 ಅಡಿ ಅಗಲ, 4 ಅಡಿ ಎತ್ತರ. ನಮ್ಮ ಹಾಕಿಯದು 12 ಅಡಿ ಅಗಲ, 7 ಅಡಿ ಎತ್ತರ. ಎಂದರೆ ನಮ್ಮ ಗೋಲ್‌ಕೀಪರನು ಮೂರೂವರೆ ಪಾಲು ಹೆಚ್ಚು ಸ್ಥಳವನ್ನು ಕಾಯಬೇಕು. ಅಲ್ಲಿಯ ಚಪ್ಪಟೆ ಬಿಲ್ಲೆಯ ತೂಕವೂ ನಮ್ಮ ಚೆಂಡಿನ ತೂಕವೂ ಹೆಚ್ಚು ಕಡಮೆ ಒಂದೇ. ಕಾವಲಿನ ತತ್ತ್ವವೂ ಒಂದೇ: ಗೋಲನ್ನು ಬಿಟ್ಟು ಮುಂದೆ ಬಂದಷ್ಟೂ ಹೊಡೆಯುವವನ ಕಣ್ಣಿಗೆ ಗೋಲು ಕಿರಿದಾಗುತ್ತದೆ. ಯಾವಾಗ, ಎಷ್ಟು ಮುಂದೆ ಬರಬೇಕೆಂಬುದೇ ಈ ವಿದ್ಯೆಯ ಮರ್ಮ.

ಬಾಲಕರ ಶಿಕ್ಷಣವನ್ನು ಕುರಿತು ಡ್ರೈಡನ್ನರು ಮಂಡಿಸುವ ವಾದ ವಿಚಾರಾರ್ಹವಾದುದು. ಹುಡುಗರ ಹಾಕಿಯನ್ನು ದೊಡ್ಡವರು ವೇಳಾಪಟ್ಟಿಗೆ ಒಳಪಡಿಸಿದಂತೆಲ್ಲ ಹುಡುಗರ ಬಿಡುವು ಕರಗಿತು. ಸೋಲು ಗೆಲುವಿನ ಹಂಗಿಲ್ಲದೆ ಆಡಿದ ಹೊತ್ತಿನಲ್ಲಿಯೇ ವಿಶೇಷ ಕೌಶಲವು ಮೊಳೆಯುತ್ತದೆ ಎಂಬುದು ಅವರ ಮತ. ತಮ್ಮ ಬಾಲ್ಯದ ಹಿತ್ತಿಲನ್ನು ಅವರು ಇದಕ್ಕೆ ನಿದರ್ಶನವಾಗಿ ಕೊಡುತ್ತಾರೆ.

ಈ ವಾದವನ್ನು ನಾವು ಅರ್ಧಮಾತ್ರ ಒಪ್ಪಬಹುದು. ಆ ಹಿತ್ತಿಲಿಗೆ ತಂದೆ ಡಾಂಬರು ಹಾಕಿಸಿದ್ದರು; ಅಲ್ಲಿ ಗೋಲುಗಳಿದ್ದವು. ಹಿರಿಯನಾದ ಅಣ್ಣ ಡೇವ್ ಗೋಲಿನಲ್ಲಿ ನಿಲ್ಲುವುದನ್ನು ತಮ್ಮನು ಕಣ್ಣಾರೆ ಕಾಣುತ್ತಿದ್ದನು. 1971ರ ಮಾರ್ಚಿಯಲ್ಲಿ ಈ ಸಹೋದರರೇ ವೃತ್ತಿಪಂದ್ಯವೊಂದರಲ್ಲಿ ಎದುರುಬದುರು ಗೋಲುಗಳನ್ನು ಕಾದರು. ಗ್ರಂಥಕರ್ತರು ಸ್ವಾತಂತ್ರ್ಯವೆಂದು ಕರೆದುದರ ಹಿಂದೆ ಸಲಕರಣೆಯೂ ಇತ್ತು, ಗುರುವೂ ಇದ್ದನು.

1972ರಲ್ಲಿ ಡ್ರೈಡನ್ನರಿಗೆ ಎದುರಾಳಿಯಾಗಿದ್ದ ಸೋವಿಯೆತ್ ಗೋಲ್‌ಕೀಪರ್ ತ್ರೆತ್ಯಾಕರ ಚರಿತ್ರೆ ಇದನ್ನೇ ದೃಢಪಡಿಸುತ್ತದೆ. ಅವರ ಗುರು ತರಾಸೊವರು, ಟೆನ್ನಿಸ್ ಚೆಂಡೊಂದನ್ನು ಸದಾ ಬಳಿಯಲ್ಲಿಟ್ಟುಕೊಂಡು ಎಸೆದು ಹಿಡಿಯುತ್ತಿರಬೇಕೆಂದು ವಿಧಿಸಿದ್ದರು. ಸಾಧನ ಅಲ್ಪ, ಅದನ್ನು ವಿಧಿಸಿದ ದೃಷ್ಟಿ ದೊಡ್ಡದು. ಹಾಗೆಂದು ಗುರುವಾಕ್ಯವೆಲ್ಲ ಪ್ರಮಾಣವೂ ಅಲ್ಲ. ಮುಖವಾಡ ಧರಿಸಿ ಪಂದ್ಯವಾಡಲು ಜಾಕ್ ಪ್ಲಾಂಟರಿಗೆ ತರಬೇತುದಾರರ ಸಮ್ಮತಿಯಿರಲಿಲ್ಲ. 1959ರ ನವೆಂಬರ್ 1ರಂದು ಮುಖಕ್ಕೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡ ಮೇಲೆ, ಮುಖವಾಡವಿಲ್ಲದೆ ಆಡಲಾರೆನೆಂದು ಅವರು ಹಟ ಹಿಡಿಯಬೇಕಾಯಿತು.

ಈ ಗ್ರಂಥವನ್ನು ಹುಣಸೂರಿನಲ್ಲಿ ಕುಳಿತು ಓದುವವನಿಗೆ ತನ್ನ ಸುತ್ತಣ ಮೈದಾನಗಳು ನೆನಪಾಗದಿರವು. ಹುಣಸೂರು, ಪಿರಿಯಾಪಟ್ಟಣಗಳ ಮಗ್ಗುಲಲ್ಲೇ ಕೊಡಗು ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಹಿರಿಯರೂ ಕಿರಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ಭಾರತ ತಂಡದ ಗೋಲ್‌ಕೀಪರ್ ಆಗಿದ್ದ ಎ. ಬಿ. ಸುಬ್ಬಯ್ಯನವರು ಆ ನಾಡಿನವರು. ನಮ್ಮ ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹುಡುಗರಿಗೂ ಬಿಡುವಿಗೆ ಕೊರತೆಯಿಲ್ಲ. ಆದರೆ ಓಡಲಾರದವನನ್ನು ಗೋಲಿನಲ್ಲಿ ನಿಲ್ಲಿಸುವುದೇ ರೂಢಿ. ಪ್ಯಾಡು, ಹೆಲ್ಮೆಟ್ಟುಗಳಿಲ್ಲದೆ ನಿಂತ ಆ ಹುಡುಗನು ಮೊದಲು ಕಲಿಯುವ ಪಾಠ ಮುಖ ತಿರುಗಿಸುವುದು. ಆಮೇಲೆ ಅವನನ್ನು ಹೇಡಿಯೆಂದು ಹಳಿಯುತ್ತೇವೆ. ಅವನಿಗೆ ಬೇಕಾದುದು ಡ್ರೈಡನ್ನರು ಹೊಗಳುವ ಬಿಡುವಲ್ಲ. ಅವರು ಹೇಳದೆ ಪಡೆದಿದ್ದ ಆಸರೆ.

ಇತಿಹಾಸಕಾರರೂ ಈ ಅಪರಾಧದಲ್ಲಿ ಭಾಗಿಗಳು. ಹೊಡೆದ ಗೋಲು ದಾಖಲೆಯಾಗುತ್ತದೆ. ತಡೆದ ಗೋಲು ನಡೆಯದ ಘಟನೆಯಾದುದರಿಂದ ಮರೆಯಾಗುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರ್, ಕಣ್ಣೂರಿನ ಮ್ಯಾನುಯೆಲ್ ಫ್ರೆಡರಿಕ್ಸರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದದ್ದು 2019ರಲ್ಲಿ, ಎಂದರೆ 47 ವರ್ಷಗಳ ತರುವಾಯ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯದ ಹೊಡೆತಗಳನ್ನು ಟೈಬ್ರೇಕರಿನಲ್ಲಿ ತಡೆದು ಚಿನ್ನವನ್ನು ತಂದ ಆಶಿಷ್ ಬಲ್ಲಾಳರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಗೋಲು ಕಾಯುವವನ ಅಂತರಂಗವನ್ನು ಇಷ್ಟು ಸೂಕ್ಷ್ಮವಾಗಿ ಬರೆದುದಕ್ಕಾಗಿ ‘ದಿ ಗೇಮ್’ ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಇರತಕ್ಕ ಪುಸ್ತಕ. ಅದನ್ನು ಓದುವ ಅಧ್ಯಾಪಕನು ಅದರಲ್ಲಿಯ ಹಿತ್ತಿಲಿನ ಸ್ವಾತಂತ್ರ್ಯದ ಜೊತೆಗೆ ಆ ಹಿತ್ತಿಲನ್ನು ಸಿದ್ಧಪಡಿಸಿದ ತಂದೆಯನ್ನೂ ಗಮನಿಸಲಿ. ಮುಂದಿನ ಸಲ ತಂಡವನ್ನು ಆರಿಸುವಾಗ, ಉಳಿದುಹೋದವನನ್ನು ಗೋಲಿಗೆ ಅಟ್ಟದಿರಲಿ.