ಹಳೆ ವಿಂಡ್‌ಜಾಮರ್‌ಗೆ ಹೊಸ ಬೈಕು

1975ರಲ್ಲಿ ಹೋಂಡಾ ಗೋಲ್ಡ್ ವಿಂಗ್ ಬಂದಾಗ ಅದಕ್ಕೆ ಗಾಳಿ ತಡೆಯುವ ಮುಂಭಾಗದ ಹೊದಿಕೆ, ಅಂದರೆ ಫೇರಿಂಗೇ ಇರಲಿಲ್ಲ. ಸಾವಿರ ಸಿಸಿ ಎಂಜಿನ್ ಕೊಟ್ಟು ಸವಾರನ ಎದೆಯನ್ನು ಗಾಳಿಗೆ ಒಡ್ಡಿಬಿಟ್ಟಿದ್ದರು! ಅಮೆರಿಕದಲ್ಲಿ ಆ ಕೊರತೆ ನೀಗಿದವರಲ್ಲಿ ಪ್ರಮುಖ, ಇಲಿನಾಯ್‌ನ ಕ್ರೇಗ್ ವೆಟರ್. ಆತ ರೂಪಿಸಿದ ವಿಂಡ್‌ಜಾಮರ್ ಫೇರಿಂಗನ್ನು ಕೈಬಿಗಿ ಸವಾರರು ಇವತ್ತಿಗೂ ಹಳೆ ಸಾಮಾನಿನ ರಾಶಿಯಲ್ಲಿ ಹುಡುಕುತ್ತಾರೆ.

ಅದರ ಜಾಣತನ ಕಣ್ಣಿಗೆ ಕಾಣದ ಕಡೆ ಇದೆ. ಚಿಪ್ಪು ಹಲವು ಬೈಕುಗಳಿಗೆ ಒಂದೇ. ಬದಲಾಗುವುದು ಚಾಸಿಗೆ ಬಿಗಿಯುವ ಬ್ರಾಕೆಟ್ ಮಾತ್ರ. ಹ್ಯಾಂಡಲ್ ಮೇಲೆ ಭಾರ ಬೀಳುವುದಿಲ್ಲ. ಹಾಗಾಗಿ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬಾರದು, ನಮ್ಮ ಬೈಕಿನ ಬ್ರಾಕೆಟ್ ಜೊತೆಗಿದೆಯೇ ಎಂದು ಕೇಳಬೇಕು. ಅದಿಲ್ಲದ ಫೇರಿಂಗ್ ಎಷ್ಟು ಅಗ್ಗವಾದರೂ ದುಬಾರಿಯೇ.

ಬಿರುಕಿಗೆ ಹೆದರಬೇಕಿಲ್ಲ. ಚಿಪ್ಪು ಎಬಿಎಸ್ ಪ್ಲಾಸ್ಟಿಕ್ಕಿನದಾದರೆ ಬಿರುಕಿನ ತುದಿಗೊಂದು ಸಣ್ಣ ತೂತು ಕೊರೆದರೆ ಅದು ಮುಂದೆ ಹರಿಯುವುದು ನಿಲ್ಲುತ್ತದೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ, ದೋಸೆಹಿಟ್ಟಿನ ಹದಕ್ಕೆ ತಂದು, ಒಳಗಿನಿಂದ ಮೆತ್ತಿದರೆ ಎರಡೂ ಅಂಚುಗಳು ಬೆಸೆದುಕೊಳ್ಳುತ್ತವೆ. ಮಕ್ಕಳ ಲೆಗೋ ಇಟ್ಟಿಗೆಗಳೂ ಎಬಿಎಸ್ಸೇ. ಮಕ್ಕಳನ್ನು ಕೇಳಿಯೇ ಕರಗಿಸಿ!

ಹೆಡ್‌ಲೈಟ್ ಫೇರಿಂಗಿನೊಳಗೆ ಹೋಗುವುದರಿಂದ ವೈರಿಂಗ್ ಕೆಲಸ ತಪ್ಪಿದ್ದಲ್ಲ, ಅದಕ್ಕೆ ತಾಳ್ಮೆ ಸಾಕು. ನಟ್ಟುಗಳನ್ನು ಪೂರ್ತಿ ಬಿಗಿಯುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಕೊನೆತನಕ ತಿರುಗಿಸಿ ನೋಡಬೇಕು. ಕೇಬಲ್, ಬೆರಳು, ಕ್ಲಚ್ ಲಿವರ್ ಯಾವುದೂ ತಾಗಬಾರದು. ಫೇರಿಂಗಿನ ಗಾಜಿನ ಎತ್ತರ ಸವಾರನ ಮೂಗಿನ ಮಟ್ಟಕ್ಕಿದ್ದರೆ ಚೆನ್ನ. ಮಳೆಯಲ್ಲಿ ಗಾಜಿನ ಮೂಲಕವಲ್ಲ, ಅದರ ಮೇಲಿಂದ ರಸ್ತೆ ಕಾಣಬೇಕು.